ಮೆರವಣಿಗೆ ಕುದುರೆಯ ವಕೀಲ

"ಹಲ್ಲ ಕಿಸೀಬ್ಯಾಡ ಬೇ. ನೀ ಬಡವಿ ಇದ್ದಿ, ಜರಾ ಬಡವಿಹಂಗ ಕಾಣು," ಎಂದು ವಕೀಲ ದೌಲತರಾಯ ಕುದುರೆಯ ಮೇಲಿಂದ ಗದರಿದ.

ಜೈತುನಬಿ ನಕ್ಕಿರಲಿಲ್ಲ. ತಲೆಯ ಮೇಲೆ ನೀಲಗಿರಿ ದಿಮ್ಮಿ ಇದ್ದಾಗ ಕೂಲಿಯವರಾದ ನಮ್ಮೆಲ್ಲರ ಹಲ್ಲೂ ಹಾಗೆಯೇ ಕಾಣುತ್ತವೆ.

ಒಮ್ಮೆ ಪಾರ್ಲಿಮೆಂಟಿಗೂ ಹೋಗಿಬಂದ ಈ ವಕೀಲನ ಜೀವನವನ್ನು ಹಿರೋಳ್ಳಿಯ ಹೊಲದಲ್ಲಿ ಸಿನಿಮಾ ಮಾಡುತ್ತಿದ್ದರು; ಪಾತ್ರವೂ ಅವನದೇ. ಆ ಜೀವನದಲ್ಲಿ ತೋರಿಸುವಂಥದ್ದು ಏನೂ ಸಿಗದೆ ಡೈರೆಕ್ಟರ್ ಅನೀಲಕುಮಾರ ಅಮೆರಿಕದ ಗಡಿಸೀಮೆಯ ಹಳೆಯ ವಕೀಲನೊಬ್ಬನ ಜೀವನವನ್ನು ತಂದು ಇವನಿಗೆ ತೊಡಿಸಿದ್ದ. ಆ ಮನುಷ್ಯ ದಿಮ್ಮಿಯ ಗುಡಿಸಲಲ್ಲಿ ಹುಟ್ಟಿ, ಕುದುರೆ ಏರಿ ಕೋರ್ಟಿಗೆ ಹೋಗಿ, ಬಡವರ ಭೂಮಿ ಉಳಿಸಿ, ಅಲ್ಲಿಯ ಪಾರ್ಲಿಮೆಂಟು ಸೇರಿದನಂತೆ. ಹಾಗಾಗಿ ಕಲ್ಲಿನ ವಾಡೆಯಲ್ಲಿ ಹುಟ್ಟಿದ ದೌಲತರಾಯನಿಗೂ ನಾವು ದಿಮ್ಮಿ ಹೊತ್ತು ಗುಡಿಸಲು ಕಟ್ಟಿದೆವು. ಬೆಳಿಗ್ಗೆ ಅದು ಅವನು ಹುಟ್ಟಿದ ಮನೆ, ಮಧ್ಯಾಹ್ನ ಕೋರ್ಟು.

ಕುದುರೆ ಮಾತ್ರ ಆಳಂದದ ಮದುವೆ ಮೆರವಣಿಗೆಯದು. ತಗಡಿನ ಸದ್ದು ಕೇಳಿದರೆ ಸಾಕು, ಕುಣಿಯುತ್ತಿತ್ತು. ಅದಕ್ಕೇ ಪಕ್ಕದ ಜೋಳಕ್ಕೆ ಹಕ್ಕಿ ಎರಗಿದರೂ ನಾವು ಡಬ್ಬಿ ಬಡಿಯುವಂತಿರಲಿಲ್ಲ.

ಈ ಹೊಲ ಜೈತುನಬಿಯದು. ಅಂದರೆ, ಅವಳದಾಗಿತ್ತು. ಕೇಸು ನಡೆದಾಗ ಅವಳ ವಕೀಲ ಇದೇ ದೌಲತರಾಯ. "ತಾರೀಖಿಗೆ ನೀ ಬರಬ್ಯಾಡವಾ. ಕಳೆ ತಗಿ ಹೋಗು, ನಾ ನೋಡ್ಕೋತೇನಿ," ಅಂದಿದ್ದ. ಕೋರ್ಟಿನಲ್ಲಿ ಮೂರು ಸಲ ಅವಳ ಹೆಸರು ಕೂಗಿದರು. ಅವಳು ಇಲ್ಲಿ ಕಳೆ ತೆಗೆಯುತ್ತಿದ್ದಳು. ಹೊಲ ಎದುರು ಪಕ್ಷದವನ ಪಾಲಾಯಿತು. ಮುಂದಿನ ಸುಗ್ಗಿಯೊಳಗೆ ಅವನಿಂದ ಅದನ್ನು ಕೊಂಡವನು ದೌಲತರಾಯ.

ಕೋರ್ಟಿನ ದೃಶ್ಯಕ್ಕೆ ಹೆಸರು ಕೂಗಲು ನಮ್ಮೊಳಗಿನ ಸಲಾವುದ್ದೀನನನ್ನು ನಿಲ್ಲಿಸಿದರು. ಹಕ್ಕಿ ಓಡಿಸುವ ಗಂಟಲು ಅವನದು.

"ಯಾರ ಹೆಸರ ಕೂಗಲ್ರಿ ಸಾಹೇಬ್ರ?"

"ಯಾವುದಾರ ಕೂಗು ಲೇ. ಯಾರೂ ಬರಬಾರದು, ನಾ ಗೆಲ್ಲಬೇಕು. ಅಷ್ಟ ಸೀನು." ವಕೀಲ ಗುಡಿಸಲಿನ ಬಾಗಿಲ ಮುಂದೆ ಕುದುರೆಯ ಮೇಲೇ ಇದ್ದ. ಅವನನ್ನು ಇಳಿಸಲು ನಾಲ್ಕು ಆಳು ಬೇಕಿತ್ತು.

ಸಲಾವುದ್ದೀನ ನಮ್ಮ ಕಡೆ ಒಮ್ಮೆ ನೋಡಿದ.

"ಜೈತುನಬೀ... ಹಾಜರಿದ್ದಾಳೇನ?"

ಎರಡನೆಯ ಸಲವೂ ಅದೇ ಹೆಸರು. ಜೈತುನಬಿ ಮಡಿಲಲ್ಲಿದ್ದ ಕೂಸು ಇರಮಳ ಮೂಗನ್ನು ಸೆರಗಿನಿಂದ ಒರೆಸಿ, ಮಗುವನ್ನು ನನ್ನ ಕೈಗಿಟ್ಟಳು. ಮೂರನೆಯ ಸಲಕ್ಕೆ ಎದ್ದು ನಿಂತಳು.

"ಹಾಜರಿದ್ದೇನ್ರಿ."

"ಕಟ್, ಕಟ್," ಎಂದ ಅನೀಲಕುಮಾರ.

"ನಿನ್ನ ಯಾರ ಕರದಾರ ಬೇ, ರಂಡಿ?" ಎಂದ ವಕೀಲ.

"ಮೂರು ಸಲ ಕರದಾರ್ರಿ. ಆವತ್ತ ಕೇಳಿಸಿದ್ದಿಲ್ಲ."

ದೌಲತರಾಯ ಕುದುರೆಯನ್ನು ಅವಳ ಮೇಲೆ ನುಗ್ಗಿಸಿದ. ಅವಳು ಕದಲಲಿಲ್ಲ. ಆಗ ನಮ್ಮ ಜೊತೆಯ ಗುರುಬಾಯಿ, "ಹಕ್ಕಿ ಬಂದಾವ್ರಿ," ಎಂದು ಮೆಲ್ಲಗೆ ಹೇಳಿ ಡಬ್ಬಿ ಬಡಿದಳು. ಆಮೇಲೆ ಎಲ್ಲರೂ. ಕುದುರೆ ಜೈತುನಬಿಯ ಎದುರಿಗೇ ನಿಂತು, ಮುಂಗಾಲು ಎತ್ತಿ ಕುಣಿಯತೊಡಗಿತು.

"ಇಳಸ್ರಲೇ ನನ್ನ, ಹರಾಮಖೋರ ಮಕ್ಕಳ್ರ್ಯಾ!"

ನಾಲ್ಕು ಆಳುಗಳ ಕೈಯಲ್ಲೂ ಡಬ್ಬಿಗಳಿದ್ದವು. ಕುದುರೆ ವಕೀಲನನ್ನು ಹೊತ್ತು ಬದುವಿನ ಗುಂಟ ಮಹಾರಾಷ್ಟ್ರದ ಗಡಿಯ ಕಡೆ ಕುಣಿಯುತ್ತ ಹೋಯಿತು.

ಸಲಾವುದ್ದೀನ ಬಾಯಿಯ ಸುತ್ತ ಕೈ ಹಿಡಿದು ಕೂಗಿದ: "ವಕೀಲ ದೌಲತರಾಯಾ... ಹಾಜರಿದ್ದಾನೇನ?"

ಅವನು ಮೂರನೆಯ ಸಲ ಕೂಗುವಾಗ ಜೈತುನಬಿ ಗುಡಿಸಲಿನ ಮೊದಲ ದಿಮ್ಮಿಯನ್ನು ಹೊಲದಿಂದ ಆಚೆ ಎಳೆಯುತ್ತಿದ್ದಳು.