ಮಾಳಿಗೆ ಗುಡಿಸಿದ ಸೊಸೆ

ಜಾಂಬೋಟಿಯ ಮಳೆ ಹೇಗಿರುತ್ತದೆ ಎಂದು ಬಿಸಿಲ ಸೀಮೆಯ ನರೋಣಾದ ಹೆಂಗಸರು ಇರಮಳನ್ನು ಕೇಳಿ ಕೇಳಿ ಸುಸ್ತು ಮಾಡಿದ್ದರು. ಅವಳು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾಲ್ಕು ತಿಂಗಳು ಬಿಡದೆ ಸುರಿಯುತ್ತದಂತೆ, ಹೌದಾ, ಎನ್ನುವಾಗ ಅವರ ಬಾಯಲ್ಲಿ ಬಿರಿಯಾನಿಯ ಸುದ್ದಿ ಕೇಳಿದವರ ಹಾಗೆ ನೀರೂರುತ್ತಿತ್ತು. ಇರಮಳಿಗೆ ನಗು ಬರುತ್ತಿತ್ತು. ಖಾನಾಪುರದಾಚೆಯ ಆ ಕಾಡಂಚಿನ ತವರಿನಲ್ಲಿ ಉಪ್ಪು ನೀರಾಗುತ್ತದೆ, ಕಡ್ಡಿ ಗೀರಿದರೆ ಹೊತ್ತುವುದಿಲ್ಲ, ಚಪ್ಪಲಿಗೂ ಬೂಷ್ಟು. ಹೊದೆಯುವ ಚಾದರ ಸದಾ ಹಸಿ ಹಸಿ. ಹಂಚಿನ ಮೇಲಿನ ಸದ್ದಿಗೆ ಗಂಡ ಹೆಂಡಿರು ಗುಟ್ಟಿನ ಮಾತನ್ನೂ ಕೂಗಿಯೇ ಆಡಬೇಕು. ಇಷ್ಟೆಲ್ಲ ಹೇಳಿದರೂ ಪಕ್ಕದ ಮನೆಯ ಗಂಗುಬಾಯಿ, ಏನೇ ಆಗಲಿ ನೀವು ಪುಣ್ಯವಂತರು ಎಂದು ಎದ್ದು ಹೋಗುತ್ತಿದ್ದಳು.

ತವರಿನಲ್ಲಿ ಮಳೆಗಾಲಕ್ಕೆ ಮೊದಲು ಹಂಚಿನ ಮೇಲಿನ ಕಸಕಡ್ಡಿ ತೆಗೆಯುವುದು ವಾಡಿಕೆ. ತೆಗೆಯದಿದ್ದರೆ ನೀರು ನಿಂತು ಮನೆ ಸೋರುತ್ತದೆ. ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಾಗ ಇರಮಳ ಕೈ ಸುಮ್ಮನಿರಲಿಲ್ಲ. ಗಂಡ ಮುಜೀಬ ಬಿತ್ತುವ ಕೂರಿಗೆಯ ರಿಪೇರಿಗೆಂದು ಆಳಂದಕ್ಕೆ ಹೋಗಿದ್ದ, ಅತ್ತೆ ಖುರ್ಷಿದಬೇಗಂ ನೆಂಟರ ಮನೆಗೆ. ಇವಳು ಮನೆಗೆ ಸೂರಾದ ಮಟ್ಟಸ ಮಾಳಿಗೆ ಹತ್ತಿ ನೋಡಿದರೆ ಅಯ್ಯೋ, ಉದ್ದಕ್ಕೂ ಬಿಳಿಚಿದ ಪುಡಿಮಣ್ಣು! ಎಂಥ ಜನರಪ್ಪ ಎಂದುಕೊಂಡು ಮೂಲೆ ಮೂಲೆ ಗುಡಿಸಿದಳು. ಅತ್ತೆ ಬಂದು ಭೇಷ್ ಅಂದಾಳು ಎಂಬ ಆಸೆ ಬೇರೆ.

ಅತ್ತೆ ಬಂದಳು. ಹಿಂದೆಯೇ ಮೋಡವೂ ಬಂತು. ಹಿತ್ತಲಿನಲ್ಲಿ ಬಿದ್ದಿದ್ದ ಮಣ್ಣಿನ ಗುಡ್ಡೆ ನೋಡಿ ಖುರ್ಷಿದಬೇಗಂ ಅಲ್ಲಿಯೇ ಕುಕ್ಕರಿಸಿದಳು. ಅದು ಸವಳು ಮಣ್ಣು. ಬೇಸಿಗೆಯಲ್ಲಿ ಹಳ್ಳದ ದಂಡೆಯಿಂದ ಬಂಡಿಯಲ್ಲಿ ತಂದು ಹರಡಿದ್ದು. ನೀರು ಕುಡಿದರೆ ಅದು ಬಿಗಿದು ಮಣ್ಣಿನ ಮಾಳಿಗೆಯ ಬಿರುಕುಗಳನ್ನೆಲ್ಲ ಮುಚ್ಚುತ್ತದೆ. ಈ ಊರಿನ ಮನೆಗಳಿಗೆ ಅದೇ ಕೊಡೆ.

ಗಂಗುಬಾಯಿಯೂ ಓಡಿ ಬಂದು ಬುಟ್ಟಿ ಹೊತ್ತಳು. ಮೂವರೂ ಮಣ್ಣು ಸುರಿದು ತುಳಿದರು. ಆದರೆ ಮಳೆಗೆ ಪುರುಸೊತ್ತಿರಲಿಲ್ಲ. ಕೆಳಗೆ ಬರುವಷ್ಟರಲ್ಲಿ ಮೂಲೆಯ ಚೀಲದ ಮೇಲೆ ಧಾರೆ ಬಿದ್ದು ಚೀಲ ನೆನೆದು ಹೋಗಿತ್ತು. ಬಿತ್ತನೆಯ ತೊಗರಿ. ಚಳಿಗಾಲದುದ್ದಕ್ಕೂ ಅಂಗಳದಲ್ಲಿ ಕುಳಿತು ಖುರ್ಷಿದಬೇಗಂ ಕಾಳು ಕಾಳಾಗಿ ಆರಿಸಿಟ್ಟದ್ದು. ಹಾಗೇ ಬಿಟ್ಟರೆ ಚೀಲದಲ್ಲೇ ಮೊಳಕೆ ಒಡೆದು ಕೊಳೆಯುತ್ತದೆ. ಒಣಗಿಸೋಣವೆಂದರೆ ಬಿಸಿಲಿಲ್ಲ. ಬಿತ್ತೋಣವೆಂದರೆ ನೆನೆದ ಕರಿ ಎರೆ ಹೊಲ ಕಾಲಿಡಗೊಡುವುದಿಲ್ಲ.

"ಅಮ್ಮಿ, ನಾನ ಗುಡಿಸೀನ್ರಿ. ನಮ್ಮೂರಾಗ ಹಂಗ ಮಾಡ್ತಾರ್ರಿ," ಎಂದಳು ಇರಮ.

ಅತ್ತೆ ಒದ್ದೆ ಕಾಳನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಲೇ ಕುಳಿತಳು.

ಆಗ ಇರಮಳಿಗೆ ಅಕ್ಕನ ಬಾಣಂತನ ನೆನಪಾಯಿತು. ಸೂರ್ಯನ ಮುಖವನ್ನೇ ಕಾಣದ ದಿನಗಳಲ್ಲಿ ಕೂಸಿನ ಬಟ್ಟೆ ಒಣಗುತ್ತಿದ್ದದ್ದು ಕೆಂಡದ ಮೇಲೆ ಕವುಚಿದ ಬಿದಿರಿನ ಬುಟ್ಟಿಯ ಮೇಲೆ. ಅವಳು ಹಗ್ಗ ಹೆಣೆದ ಹೊರಸು ಮಂಚ ಎಳೆದು ಅದರ ಮೇಲೆ ತನ್ನ ಹಳೆಯ ಸೀರೆ ಹಾಸಿದಳು, ತೊಗರಿಯನ್ನು ತೆಳ್ಳಗೆ ಹರಡಿದಳು. ಅಡಿಯಲ್ಲಿ ಬೂದಿ ಮುಚ್ಚಿದ ಕೆಂಡದ ಸಿಗಡಿ ಒಲೆ. ಬಿಸಿ ಹೆಚ್ಚಾದರೆ ಕಾಳಿನ ಜೀವ ಹೋಗುತ್ತದೆಂದು ಅತ್ತೆ ಎಚ್ಚರಿಸಿದಳು. ಅದಕ್ಕೇ ಇರಮ ಕಾಳಿನೊಳಗಿಂದ ಕೈ ತೆಗೆಯಲಿಲ್ಲ. ಬೆಚ್ಚಗಾದಲ್ಲಿಂದ ತಣ್ಣಗಿದ್ದಲ್ಲಿಗೆ ಎಳೆಯುತ್ತಾ, ತಿರುವುತ್ತಾ ಕುಳಿತಳು. ಅವಳ ರೆಟ್ಟೆ ಬಿದ್ದುಹೋದಾಗ ಅತ್ತೆ ಎದುರು ಬಂದು ಕುಳಿತು ಕೈ ಹಾಕಿದಳು.

ಹೊಲ ಹದಕ್ಕೆ ಬಂದಾಗ ಮುಜೀಬ ಆ ಕಾಳನ್ನೇ ಬಿತ್ತಿದ. ಮೊಳೆಯುತ್ತದೋ ಇಲ್ಲವೋ ಎಂದು ಖುರ್ಷಿದಬೇಗಂ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಬರುತ್ತಿದ್ದಳು. ಇರಮಳಿಗೆ ಅತ್ತ ತಲೆ ಹಾಕುವ ಧೈರ್ಯವಿರಲಿಲ್ಲ, ಅತ್ತೆಯ ಮುಖ ನೋಡುವುದಕ್ಕೂ ಅಂಜಿಕೆ.

ಒಂದು ಬೆಳಿಗ್ಗೆ ಅತ್ತೆ ಹೊಲದಿಂದ ಓಡೋಡಿ ಬಂದು ರೊಟ್ಟಿ ಬಡಿಯುತ್ತಿದ್ದವಳ ಹಿಟ್ಟಿನ ಕೈ ಹಿಡಿದು ಎಬ್ಬಿಸಿದಳು. ಏಕೆಂದು ಕೇಳಿದರೆ ನಡಿ ನಡಿ ಎಂದಳಷ್ಟೆ. ಬದುವಿನ ಮೇಲೆ ನಿಂತು ನೋಡಿದಾಗ ಕರಿ ಮಣ್ಣಿನ ತುಂಬ ಸಾಲು ಸಾಲಾಗಿ ಎರಡೆರಡು ಎಲೆ. ಇರಮಳಿಗೆ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ ಬೇಟಿ. ನಿನ್ನ ಕೈಯಾಗಿನ ಬೀಜ ಅದ," ಎಂದು ಖುರ್ಷಿದಬೇಗಂ ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು. ಆಮೇಲೆ ಕೇಳಿದಳು, "ನಿಮ್ಮೂರಾಗ ಮಳಿ ಹಿಡಿದಾಗ ದುವಾ ಏನ್ ಬೇಡ್ತಿದ್ದಿ?"

"ಇನ್ನ ಸಾಕು ಮಾಡು ಮಾಲಿಕ್, ಅಂತಿದ್ದೆ ಅಮ್ಮಿ."

ಅತ್ತೆ ನಗುತ್ತಾ ನಗುತ್ತಾ ಬದುವಿನ ಮೇಲೆ ಕುಳಿತುಬಿಟ್ಟಳು. ಇರಮ ನಗಲಿಲ್ಲ. ಅವಳು ಸಸಿಗಳ ಬುಡ ನೋಡುತ್ತಿದ್ದಳು. ಮೇಲಿನ ಮಣ್ಣು ಆಗಲೇ ಒಣಗಿ ಬಿರಿಯುತ್ತಿತ್ತು. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ಹಿಟ್ಟು ಮೆತ್ತಿದ ಎರಡೂ ಕೈಯೆತ್ತಿ, ಹುಟ್ಟಿದಾಗಿನಿಂದ ಮೊದಲ ಸಲ ಅವಳು ಮಳೆ ಬೇಡಿದಳು.