ತತ್ತಿ ಉಣ್ಣುವ ಜಂತು

ರೋಗ ಹೋಗಲಿ ಎಂದು ಹರಕೆ ಹೊರುವವರನ್ನು ನೀವು ಬೇಕಾದಷ್ಟು ನೋಡಿರಬಹುದು. ನನ್ನವ್ವ ಸುಭದ್ರಾಬಾಯಿ ಮಾತ್ರ ಮಗಳಾದ ನನ್ನ ರೋಗದ ಜಂತು ಚೆನ್ನಾಗಿ ಬೆಳೆಯಲಿ ಎಂದು ಮನೆದೇವರಿಗೆ ಹರಕೆ ಹೊತ್ತವಳು. ಹುಚ್ಚಿ ಅನ್ನಬೇಡಿ. ಆ ಜಂತು ಬೆಳೆದರೆ ನನ್ನ ಮಗಳು ನೀಲಮ್ಮ ನನಗೆ ಸಿಗುತ್ತಿದ್ದಳು, ಬೆಳೆಯದಿದ್ದರೆ ಇಲ್ಲ.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಭೀಮಾ ದಂಡೆಯ ಮಣ್ಣೂರಿನಲ್ಲಿ ಗಂಡನ ಮನೆಯಲ್ಲಿದ್ದಾಗ ನನ್ನ ಎಡಗಿವಿಯ ಹಾಲೆ ಕೆಂಪಗೆ ಊದಿಕೊಂಡಿತು. ಆಮೇಲೆ ಕೆನ್ನೆಯ ಮೇಲೂ ಒಂದು ಕೆಂಪು ಕಲೆ ಎದ್ದು ಮೆಲ್ಲಗೆ ಹಬ್ಬಿತು. ನೋವಿಲ್ಲ, ತುರಿಕೆಯಿಲ್ಲ. ನೋವಾದರೂ ಇದ್ದಿದ್ದರೆ ಯಾರೂ ಹೆದರುತ್ತಿರಲಿಲ್ಲ. ಹೊಳೆಗೆ ನೀರಿಗೆ ಹೋದಲ್ಲಿ ಯಾರೋ ಒಬ್ಬಳು ‘ದೊಡ್ಡ ರೋಗ’ ಅಂದಳು. ಕುಷ್ಠ ಎಂಬ ಹೆಸರನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ನಾಲಿಗೆಗೇ ಅಂಟೀತು ಎಂಬ ಭಯ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಹದಿನೈದು ದಿನದೊಳಗೆ ನನ್ನ ತಾಟು ಬೇರೆ, ಹಾಸಿಗೆ ಬೇರೆ, ನೀರಿನ ತಂಬಿಗೆ ಬೇರೆಯಾಯಿತು.

ನನ್ನ ಗಂಡ ಬಸವಂತರಾಯ ಗಾಡಿ ಹೂಡಿಸಿ ನನ್ನನ್ನು ತವರು ನಿಂಬರ್ಗಾಕ್ಕೆ ತಂದು ಇಳಿಸಿದ. ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಅವ್ವನಿಗೆ ಹೇಳಿದ.

“ಡಾಕ್ಟರ್ ಕಡೆ ತೋರಿಸ್ರಿ. ಅದಲ್ಲ ಅಂತ ಖಾತ್ರಿ ಆದ್ರ ನಾನೇ ಬಂದು ಕರಕೊಂಡು ಹೋಗ್ತೇನಿ. ಹೌದಾದ್ರ ನಮಗೂ ಆಕಿಗೂ ತೀರಿತು. ಕೂಸು ನಮ್ಮಲ್ಲೇ ಇರ್ತದ.”

ನೀಲಮ್ಮನಿಗೆ ಆಗ ಮೂರು ವರ್ಷ. ಅವಳನ್ನು ಮುಟ್ಟಿ ಬರಲು ಸಹ ನನಗೆ ಬಿಟ್ಟಿರಲಿಲ್ಲ.

ಆಳಂದದ ಹೆಂಗಸರ ದವಾಖಾನೆಯಲ್ಲಿ ಆಗ ನಜಮುನ್ನಿಸಾ ಎಂಬ ಡಾಕ್ಟರ್ ಬಾಯಿ ಇದ್ದರು. ಹೈದರಾಬಾದಿನಲ್ಲಿ ಓದಿದವರು, ಆದರೆ ಹುಟ್ಟಿ ಬೆಳೆದದ್ದು ಆಳಂದದಲ್ಲೇ, ಹಾಗಾಗಿ ಮಾತೆಲ್ಲ ನಮ್ಮದೇ. ಸೀಸೆ, ಗಾಜಿನ ಕೊಳವೆ, ಬಣ್ಣದ ನೀರು ತುಂಬಿದ ಹಿಂದಿನ ಕೋಣೆ ಅವರ ಅರ್ಧ ಪ್ರಾಣ. ನನ್ನ ಕಿವಿಯನ್ನು ಹತ್ತಿಯಿಂದ ಮುಟ್ಟಿದರು, ಸೂಜಿಯಿಂದ ಚುಚ್ಚಿದರು. ತಿಳಿಯುತ್ತದೆಯೇ ಎಂದರೆ ಒಂದು ಕಡೆ ತಿಳಿಯುತ್ತದೆ, ಇನ್ನೊಂದು ಕಡೆ ಮಂಕು. ಕೊನೆಗೆ ಹಾಲೆಯಿಂದ ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿಕೊಂಡು, ಅದಕ್ಕೆ ಬಣ್ಣ ಹಾಕಿ ಖುರ್ದಬೀನಿಗೆ ಕಣ್ಣು ಹಚ್ಚಿ ಕೂತರು. ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ಯಂತ್ರ ಅದು.

“ಕೆಂಪು ಕಡ್ಡಿ ಹಂಗ ಒಂದೆರಡು ಜಂತು ಕಾಣಾಕತ್ತಾವ,” ಅಂದರು. “ಇಲ್ಲೇ ತೊಡಕು ಅದ ನೋಡು ಗುರಮ್ಮ. ದೊಡ್ಡ ರೋಗದ ಜಂತೂ ಹಿಂಗೇ ಕಾಣ್ತದ, ಕ್ಷಯದ ಜಂತೂ ಹಿಂಗೇ ಕಾಣ್ತದ. ಕ್ಷಯ ಚರ್ಮಕ್ಕೂ ಬರ್ತದ. ಇಬ್ಬರೂ ಒಂದೇ ಕೆಂಪು ಸೀರಿ ಉಟ್ಟ ಅಕ್ಕ-ತಂಗಿ ಇದ್ದಂಗ. ಮುಖ ನೋಡಿ ಗುರುತು ಹಿಡಿಯಾಕ ಆಗೂದಿಲ್ಲ.”

“ಮತ್ತ ಹ್ಯಾಂಗ್ರಿ?”

“ಊಟಕ್ಕ ಹಾಕಿ ನೋಡಬೇಕು. ಕ್ಷಯದಾಕಿಗೆ ಒಪ್ಪೂ ಊಟ ಕೊಟ್ಟರ ಉಂಡು ಬೆಳೀತಾಳ. ಇನ್ನೊಬ್ಬಾಕಿ ಅದಾಳಲ್ಲ, ಜಗತ್ತಿನ್ಯಾಗ ಯಾವ ಡಾಕ್ಟರ್ ಏನು ಮಾಡಿ ಬಡಿಸಿದ್ರೂ ಇವತ್ತಿನ ತನಕ ಒಂದು ತುತ್ತು ಉಂಡಿಲ್ಲ.”

ಅಂದರೆ ಕೊಳವೆಯಲ್ಲಿ ಜಂತು ಬೆಳೆದರೆ ಕ್ಷಯ, ನಾನು ಮಣ್ಣೂರಿಗೆ. ಬೆಳೆಯದಿದ್ದರೆ ದೊಡ್ಡ ರೋಗ. ಕ್ಷಯವಾಗಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಗತಿ ಯಾವ ಹೆಣ್ಣಿಗೂ ಬರಬಾರದು. ನಾನು ಬೇಡಿಕೊಂಡೆ.

ಊಟ ಯಾವುದು ಎಂಬಲ್ಲಿ ಜಗಳ ಶುರುವಾಯಿತು. ಮಾಂಸದ ರಸದಿಂದ ಮಾಡಿದ ಜೆಲ್ಲಿ ಒಂದಿತ್ತು. ಅದರಲ್ಲಿ ದಾರಿಹೋಕ ಜಂತುಗಳೆಲ್ಲ ಒಂದೇ ದಿನಕ್ಕೆ ಹಬ್ಬ ಮಾಡುತ್ತವೆ, ನಿಧಾನಕ್ಕೆ ಬೆಳೆಯುವ ಕ್ಷಯದ್ದು ಅದರಡಿ ಉಸಿರುಗಟ್ಟಿ ಸಾಯುತ್ತದೆ. ಬೇಕಾದದ್ದು ಕೋಳಿಯ ತತ್ತಿ ಎಂದರು ಡಾಕ್ಟರ್ ಬಾಯಿ. ಅವ್ವ ಎದ್ದು ನಿಂತೇಬಿಟ್ಟಳು.

“ತತ್ತಿ ಯಾಕ್ರಿ? ನಮ್ಮ ಮನಿ ಮಗಳ ಮೈಯಾಗ ಬೆಳೆದ ಜಂತು ಅದು. ಹುಟ್ಟಿದಾಗಿಂದ ಜೋಳದ ರೊಟ್ಟಿ, ಹಾಲು, ತುಪ್ಪ ಬಿಟ್ರ ಬ್ಯಾರೆ ಕಂಡಿಲ್ಲ. ಅದಕ್ಕ ಗಂಜಿ ಕಾಸಿ ಹಾಕ್ರಿ, ಉಣ್ತದ!”

ಡಾಕ್ಟರ್ ಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಜಂತಿಗೆ ಲಿಂಗದೀಕ್ಷಾ ಆಗಿಲ್ಲಮ್ಮಾ,” ಅಂದರು.

ಅವ್ವ ನಗಲಿಲ್ಲ. ಮಗಳ ಮಾಂಸವನ್ನು ತತ್ತಿಯ ಮೇಲೆ ಇಡಲು ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ. ಡಾಕ್ಟರ್ ಬಾಯಿ ಕೊನೆಗೆ ಬಟಾಟೆಗೆ ಒಪ್ಪಿದರು. ಹಿಂದಿನವರು ಗ್ಲಿಸರಿನ್ ಸವರಿದ ಬಟಾಟೆಯ ಹೋಳಿನ ಮೇಲೂ ಕ್ಷಯದ ಜಂತು ಬೆಳೆಸಿದ್ದಾರೆ, ಆದರೆ ಭರವಸೆ ಕಡಿಮೆ ಎಂದರು. ಅವ್ವ ತಾನೇ ಆರಿಸಿ ಒಳ್ಳೆಯ ಬಟಾಟೆ ತಂದಳು, ಮಗಳನ್ನು ನೋಡಲು ಬರುವ ಬೀಗರಿಗೆ ಪಲ್ಯ ಮಾಡುವವಳಂತೆ. ವಾರ ಕಳೆಯುವುದರೊಳಗೆ ಹೋಳಿನ ಮೇಲೆ ಬೂದು ಬಣ್ಣದ ಬೂಷ್ಟು ಎದ್ದಿತು. ಅವ್ವ ಅದನ್ನು ನೋಡಿ, ಬೆಳೆಯಿತು ಎಂದು ಕುಣಿದಳು.

“ಇದು ನಿಮ್ಮ ಉಪ್ಪಿನಕಾಯಿ ಮ್ಯಾಲ ಬರೂ ಬೂಷ್ಟು ಅಮ್ಮಾ,” ಎಂದು ಡಾಕ್ಟರ್ ಬಾಯಿ ಅದನ್ನು ಕುದಿಯುವ ನೀರಿಗೆ ಹಾಕಿದರು.

ಮಡಿಯಿಂದಾಗಿ ನನ್ನ ಕಿವಿಯ ಒಂದು ತುಣುಕು, ಮೇಲೆ ಅಷ್ಟು ದಿನ, ಎರಡೂ ಹಾಳಾದವು. ನಾನು ಅವ್ವನ ಮೇಲೆ ಹರಿಹಾಯ್ದೆ. “ನಿನಗ ನಿನ್ನ ಮಡಿ ಹೆಚ್ಚೋ, ನನ್ನ ನೀಲಿ ಹೆಚ್ಚೋ ಹೇಳಿಬಿಡು ಬೇ” ಎಂದೆ. ಹೆತ್ತ ತಾಯಿಗೆ ಅನ್ನಬಾರದ್ದೇ ಇರಬಹುದು. ಅವ್ವ ಸೀದಾ ನಿಂಬರ್ಗಾಕ್ಕೆ ಹೊರಟುಹೋದಳು.

ಮರುದಿನ ಅವಳು ಮಡಿಲು ಹಿಡಿದುಕೊಂಡೇ ಬಂದಳು. ಒಳಗೆ ತತ್ತಿ. ಪೇಟೆಯ ಹಳೆಯ ತತ್ತಿ ಕೆಲಸಕ್ಕೆ ಬಾರದು, ಅವತ್ತೇ ಇಟ್ಟದ್ದು ಬೇಕೆಂದು ಡಾಕ್ಟರ್ ಬಾಯಿ ಹಿಂದೆ ಅಂದದ್ದನ್ನು ಅವಳು ಮರೆತಿರಲಿಲ್ಲ. ನಮ್ಮ ಹೊಲದಲ್ಲಿ ದುಡಿಯುವ ಮರೆಮ್ಮನ ಮನೆಬಾಗಿಲಿಗೆ ತಾನೇ ಹೋಗಿ ಬೇಡಿ ತಂದಿದ್ದಳು. ಊರ ಹೊರಗಿನ ಆ ಓಣಿಗೆ ನನ್ನವ್ವ ಕಾಲಿಟ್ಟದ್ದು ಅದೇ ಮೊದಲು. ಮರೆಮ್ಮ ಏನೂ ಕೇಳದೆ ಕೋಳಿಯನ್ನು ಎಬ್ಬಿಸಿ ಅಡಿಯ ತತ್ತಿ ಕೊಟ್ಟಳಂತೆ. ಅದನ್ನು ಹೇಳುವಾಗ ಅವ್ವ ಅತ್ತಳು. ಮಡಿ ಕೆಟ್ಟಿತೆಂದು ಅತ್ತಳೋ, ಇಷ್ಟು ದಿನ ಹೋಗದೇ ಇದ್ದುದಕ್ಕೆ ಅತ್ತಳೋ, ನಾನು ಕೇಳಲಿಲ್ಲ.

ಡಾಕ್ಟರ್ ಬಾಯಿ ತತ್ತಿ ಒಡೆದು, ಹಳದಿ ಬಿಳಿ ಕಲಸಿ, ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಹಸಿರು ಬಣ್ಣ ಬೆರೆಸಿದರು.

“ಬಣ್ಣ ಯಾಕ್ರಿ?” ಅವ್ವ ಕೇಳಿದಳು.

“ಕರೀದೆ ಬರೂ ಬೀಗರನ್ನ ಬಾಗಿಲದಾಗೇ ನಿಲ್ಲಸಾಕ.”

ಕೊಳವೆಗಳಿಗೆ ಸುರಿದು, ಓರೆಯಾಗಿ ಮಲಗಿಸಿ, ಉಗಿಯಲ್ಲಿ ಗಟ್ಟಿ ಮಾಡಿದರು. ನನ್ನ ಕಿವಿಯಿಂದ ಇನ್ನೊಂದು ತುಣುಕು ತೆಗೆದು ಅರೆದು ಅದರ ಮೇಲೆ ಸವರಿ, ಕೊಳವೆಗಳ ಬಾಯಿಗೆ ಹತ್ತಿ ತುರುಕಿ ಮೇಣ ಬಳಿದರು. ಕಾವಿನ ಪೆಟ್ಟಿಗೆಯಲ್ಲಿ ಆರೇಳು ವಾರ ಇರಬೇಕು ಅಂದರು. ಪೆಟ್ಟಿಗೆಯ ಕೆಳಗೆ ಘಾಸಲೇಟಿನ, ಅಂದರೆ ಸೀಮೆಎಣ್ಣೆಯ, ದೀಪ ಉರಿಯುತ್ತಿತ್ತು.

ಆದರೆ ಯುದ್ಧ ನಮ್ಮ ಕೊಳವೆಗಳವರೆಗೂ ಬಂತು. ಘಾಸಲೇಟ ಸಿಗದಂತಾಯಿತು. ಚಳಿಗಾಲ ಬೇರೆ. ಡಾಕ್ಟರ್ ಬಾಯಿ ಖಾಲಿ ಡಬ್ಬಿ ಅಲುಗಾಡಿಸುತ್ತ ನಿಂತದ್ದು ಇನ್ನೂ ಕಣ್ಣ ಮುಂದಿದೆ.

“ಪೆಟ್ಟಿಗಿ ತಣ್ಣಗಾದ್ರ ಜಂತು ಬೆಳೆಯೂದಿಲ್ಲ. ಆಮ್ಯಾಲ ಬೆಳೀಲಿಲ್ಲ ಅಂದ್ರ ಅದು ರೋಗದ ಗುಣಾನೋ, ತಂಡಿಯ ಗುಣಾನೋ ಅಂತ ನಾ ಹ್ಯಾಂಗ ಹೇಳ್ಲಿ?”

“ಎಷ್ಟು ಕಾವು ಬೇಕ್ರಿ ಅದಕ್ಕ?” ಎಂದೆ.

“ಮನಷ್ಯಾರ ಮೈ ಎಷ್ಟು ಬೆಚ್ಚಗ ಇರ್ತದೋ ಅಷ್ಟು.”

“ಹಂಗಾದ್ರ ನನ್ನ ಮೈ ಅದಲ್ರಿ.”

ಅವರು ಬೈದರು. ಒಡೆದರೆ ಏನು ಗತಿ ಅಂದರು. ನನ್ನ ಜಂತು ನನಗೇ ಏನು ಹೊಸದು ಎಂದೆ. ಕೊನೆಗೆ ಅವರೇ ಕೊಳವೆಗಳಿಗೆ ದಪ್ಪ ಹತ್ತಿ ಸುತ್ತಿ, ಬಟ್ಟೆಯ ಪಟ್ಟಿಯಲ್ಲಿ ಹೊಲಿದು ನನ್ನ ಹೊಟ್ಟೆಗೆ ಕಟ್ಟಿದರು. ದವಾಖಾನೆಯ ಹಿಂದಿನ ಕೋಣೆಯಲ್ಲೇ ನನ್ನನ್ನು ಇರಿಸಿಕೊಂಡರು.

ಎದೆಯ ಮೇಲೆ ಇಷ್ಟಲಿಂಗ, ಹೊಟ್ಟೆಯ ಮೇಲೆ ತತ್ತಿ. ನಾನು ಕೋಳಿಯ ಹಾಗೆ ಕಾವು ಕೂತೆ. ಬಗ್ಗುವಂತಿಲ್ಲ, ಮಗ್ಗುಲಾಗುವಂತಿಲ್ಲ. ನೀಲಮ್ಮ ಹೊಟ್ಟೆಯಲ್ಲಿದ್ದಾಗ ಸಹ ಅಷ್ಟು ಜೋಪಾನದಿಂದ ನಡೆದವಳಲ್ಲ ನಾನು. ಬೆಳೆಯೋ ಮಾರಾಯ, ಬೆಳೆ, ಎಂದು ಪಟ್ಟಿಯ ಮೇಲೆ ಕೈಯಿಟ್ಟು ಹೇಳುತ್ತಿದ್ದೆ. ನನ್ನ ಮುಖ ತಿನ್ನುತ್ತಿದ್ದ ಜಂತನ್ನು ನಾನೇ ಲಾಲಿಸುತ್ತಿದ್ದೆನಲ್ಲ ಎಂದು ಒಮ್ಮೊಮ್ಮೆ ಮೈಯೆಲ್ಲ ಉರಿಯುತ್ತಿತ್ತು.

ವಾರಕ್ಕೊಮ್ಮೆ ಪಟ್ಟಿ ಬಿಚ್ಚಿ ನೋಡುತ್ತಿದ್ದರು. ಏನೂ ಇಲ್ಲ. ಮತ್ತೆ ಏನೂ ಇಲ್ಲ. ಅವ್ವ ಒಪ್ಪೊತ್ತು ಊಟಕ್ಕೆ ಇಳಿದಳು. ಚಳಿ ಕಳೆಯುತ್ತ ಬಂದಾಗ, ಒಂದು ಬೆಳಿಗ್ಗೆ ಡಾಕ್ಟರ್ ಬಾಯಿ ಕೊಳವೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದವರು ಕೆಳಗಿಳಿಸಲೇ ಇಲ್ಲ. ಹಸಿರು ತತ್ತಿಯ ಮೇಲೆ ಒಣ ರೊಟ್ಟಿ ಮುರಿದಾಗ ಉದುರುವ ಪುಡಿಯಂಥದ್ದು ಕಾಣುತ್ತಿತ್ತು. ತುಸು ಕೆದಕಿ ತೆಗೆದು, ಬಣ್ಣ ಹಾಕಿ, ಖುರ್ದಬೀನಿನಲ್ಲಿ ನೋಡಿದರು.

“ಉಂಡಾಳ,” ಅಂದರು. “ಕ್ಷಯ.”

ಅವ್ವ ಓಡಿಹೋಗಿ ಬೆಲ್ಲ ತಂದು ದವಾಖಾನೆಯಲ್ಲಿದ್ದವರಿಗೆಲ್ಲ ಹಂಚಿದಳು. ಮಗಳಿಗೆ ಕ್ಷಯ ಬಂದಿದೆ ಬಾಯಿ ಸಿಹಿ ಮಾಡಿಕೊಳ್ಳಿ ಎಂದರೆ ಯಾರು ತಿನ್ನುತ್ತಾರೆ? ತಿಂದರು ಪಾಪ. ಡಾಕ್ಟರ್ ಬಾಯಿ ಮಾತ್ರ ಬೆಲ್ಲ ಕೈಯಲ್ಲೇ ಹಿಡಿದು ನಿಂತಿದ್ದರು.

“ಗುರಮ್ಮ, ಚರ್ಮದ ಕ್ಷಯ ಮುಚ್ಚಿಟ್ಟುಕೊಂಡ್ರ ಯಾರಿಗೂ ಅಷ್ಟು ಸುಲಭ ಅಂಟೂದಿಲ್ಲ. ಬಿಸಿಲು, ಹಾಲು, ಒಳ್ಳೆ ಊಟ, ನೋಡೋಣ. ಆದ್ರ ಇದು ನಿನಗ ಎಲ್ಲಿಂದ ಬಂತು? ನಿಮ್ಮ ಮನ್ಯಾಗ ಕೆಮ್ಮೋರು ಯಾರರೇ ಅದಾರೇನು?”

“ನಮ್ಮ ಅತ್ತಿ ಅಂಬುಬಾಯಿ ಕೆಮ್ತಾರ್ರಿ. ವರ್ಷಾನುಗಟ್ಟಲೆ ಆತು. ಒಲಿ ಹೊಗಿ ಅಂತಾರ.”

“ಕಫದಾಗ ರಕ್ತ?”

ಅತ್ತೆ ಉಗುಳಿದ್ದನ್ನು ಕಾಲಿನಿಂದ ಮಣ್ಣು ಎಳೆದು ಮುಚ್ಚುತ್ತಿದ್ದುದು ನೆನಪಾಯಿತು. ಎಲೆ ಅಡಿಕೆಯ ಕೆಂಪು ಎಂದುಕೊಂಡಿದ್ದೆ.

“ಕೂಸಿಗೆ ಉಣ್ಣಸೋರು ಯಾರು?”

“ಅವರೇ ರಿ. ಭಾಳ ಪ್ರೀತಿ. ರೊಟ್ಟಿ ಅಗದು ಮೆತ್ತಗ ಮಾಡಿ ಅದರ ಬಾಯಾಗ ಇಡ್ತಾರ.”

ಹೇಳುತ್ತ ಹೇಳುತ್ತಲೇ ನಾನು ಎದ್ದು ನಿಂತೆ. ಡಾಕ್ಟರ್ ಬಾಯಿ ನನ್ನ ಹೆಗಲು ಹಿಡಿದರು.

“ಕೂಸಿನ್ನ ಅಲ್ಲಿಂದ ತಗದು ಬಾ. ಇವತ್ತೇ ಹೋಗು.”

ಗಂಡನಿಗೆ ಹೇಳಿಕಳಿಸಿ, ಅವನು ಬಂದು ಕರೆದೊಯ್ಯುವವರೆಗೆ ಕಾಯುವ ಹಾಗಿರಲಿಲ್ಲ. ಸಿಕ್ಕ ಗಾಡಿ ಹತ್ತಿ, ಸಿಗದಲ್ಲಿ ನಡೆದು, ಅಫಜಲಪುರ ಹಾದು ಮಣ್ಣೂರು ಮುಟ್ಟಿದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ನೀಲಮ್ಮ. ಅತ್ತೆಯ ಬಾಯಿ ಆಡುತ್ತಿತ್ತು. ಅಗಿದ ತುತ್ತನ್ನು ಬೆರಳಿನಿಂದ ತೆಗೆದು ಮಗುವಿನ ಬಾಯಿಗಿಟ್ಟರು.

“ಅಲ್ಲೇ ನಿಲ್ಲು,” ಅಂದ ಗಂಡ, ಬಾಗಿಲಿಗೆ ಬಂದು. “ಡಾಕ್ಟರ್ ಏನಂದ್ರು?”

“ಮೊದಲ ಒಂದು ಮಾತದರಿ. ಅತ್ತಿಯವರ ಕೆಮ್ಮು ಒಮ್ಮಿ ಡಾಕ್ಟರ್‌ಗೆ ತೋರಿಸ್ರಿ. ಕ್ಷಯ ಇರಬಹುದು ಅಂತಾರ. ಕೂಸಿನ್ನ ಸ್ವಲ್ಪ ದಿನ ದೂರ…”

“ಏನಂದಿ? ನಿನ್ನ ರೋಗಾನ ನಮ್ಮವ್ವಗ ಹಚ್ಚಾಕ ಬಂದೀಯೇನು?” ಅವನ ಧ್ವನಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. “ನಾಲಿಗಿ ಹಿಡಿದು ಮಾತಾಡು. ಆ ರೋಗ ಹೌದೋ ಅಲ್ಲೋ, ಅಷ್ಟು ಹೇಳು. ಅಲ್ಲಂದ್ರ ಒಳಗ ಬಾ, ನಿನ್ನ ಪಾಡಿಗೆ ನೀನಿರು. ಕೂಸು ನಮ್ಮವ್ವನ ಕಡೆನೇ ಬೆಳೀತದ, ನಿನ್ನ ಕಡೆ ಅಲ್ಲ.”

ಅತ್ತೆ ಕೆಮ್ಮತೊಡಗಿದರು. ನೀಲಮ್ಮ ಅವರ ತೊಡೆಯಿಂದ ಇಳಿದು, ಯಾರೆಂದು ಅರೆಬರೆ ಗುರುತು ಹಿಡಿದವಳ ಹಾಗೆ ನನ್ನತ್ತ ನಾಲ್ಕು ಹೆಜ್ಜೆ ಬಂದಳು.

ನಿಜ ಹೇಳಿದರೆ ನನಗೆ ಮನೆ ಸಿಗುತ್ತಿತ್ತು, ಗಂಡ ಸಿಗುತ್ತಿದ್ದ, ಮಗು ದಿನವೂ ಕಣ್ಣೆದುರೇ ಆ ತುತ್ತು ತಿನ್ನುತ್ತಿತ್ತು. ನಾನು ಬಗ್ಗಿ ಮಗುವನ್ನು ಎತ್ತಿಕೊಂಡೆ. ಸೆರಗು ಸರಿಸಿ ನನ್ನ ಕೆಂಪು ಕೆನ್ನೆಯನ್ನು ಎಲ್ಲರಿಗೂ ಕಾಣುವ ಹಾಗೆ ಅವಳ ಕೆನ್ನೆಗೆ ಒತ್ತಿದೆ.

“ಹೌದ್ರಿ,” ಎಂದೆ. “ಅದೇ ರೋಗ. ದೊಡ್ಡ ರೋಗ.”

ಅವ್ವ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮರೆಮ್ಮನ ತತ್ತಿ, ಡಾಕ್ಟರ್ ಬಾಯಿಯ ಕಣ್ಣು, ನನ್ನ ಹೊಟ್ಟೆಯ ಕಾವು, ಎಲ್ಲ ಹೋಯಿತು. ಆ ಮಾತಿನಿಂದಾಗಿ ನಾನು ಇವತ್ತಿಗೂ ಆ ಕಡೆಯ ಯಾರ ಮನೆಯ ಹೊಸ್ತಿಲನ್ನೂ ತುಳಿದಿಲ್ಲ. ಆಡಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಮಗುವಿಗಾಗಿ ಎರಡೂ ಕೈ ಚಾಚಿ ಎದ್ದಿದ್ದ ಅತ್ತೆ ಆ ಕೈಗಳನ್ನು ಹಿಂದಕ್ಕೆಳೆದುಕೊಂಡರು. ಎಳೆದುಕೊಂಡು ಎದೆ ಬಡಿದುಕೊಂಡು ಅತ್ತರು. ಅದು ನಾಟಕದ ಅಳುವಲ್ಲ, ಅವರ ಜೀವವೇ ಆ ಮಗುವಿನಲ್ಲಿತ್ತು.

“ಒಯ್ಯಿ,” ಅಂದ ಗಂಡ, ಮುಖ ತಿರುಗಿಸಿ. “ಇಬ್ಬರೂ ಹೋಗ್ರಿ.”

ಓಣಿಯಲ್ಲಿ ನಿಂತಿದ್ದವರು ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟರು. ಅಡ್ಡ ಬರುವ ಧೈರ್ಯ ಒಬ್ಬರಿಗೂ ಇರಲಿಲ್ಲ. ನೀಲಮ್ಮ ನನ್ನ ಹೆಗಲ ಮೇಲಿಂದ ಹಿಂದಕ್ಕೆ ಕೈಚಾಚಿ “ಅಜ್ಜೀ, ಅಜ್ಜೀ” ಎಂದು ಒದರುತ್ತಿದ್ದಳು. ಊರು ದಾಟುವ ತನಕ ಅವಳು ನನ್ನನ್ನು ಪರಚಿದಳು, ಕಚ್ಚಿದಳು. ನಾನು ಬಿಗಿಯಾಗಿ ಹಿಡಿದುಕೊಂಡು ನಡೆದೆ.