ಮೀಟರಿನ ಬೆನ್ನಿಗೆ ಬರೆದದ್ದು

ಕಾರಿನ ಮೀಟರ್ ಡಬ್ಬಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡ ಸಗಿನಾಲಿಗೆ ತನ್ನದೇ ಕೈಬರಹ ಕಂಡಿತು. ಸೀಸದಕಡ್ಡಿಯಲ್ಲಿ ಬರೆದ ಸಂಖ್ಯೆ: 3,21,000. ಯಾರಾದರೂ ನೋಡಿದರೇನೋ ಎಂಬಂತೆ ಅಂಗೈಯಿಂದ ಅದನ್ನು ಮುಚ್ಚಿದ.

ನೋಡಲು ಅಲ್ಲಿದ್ದವಳು ಬೀಗಿತ್ತಿ ಉಮ್ಸುನಾಯ್ ಒಬ್ಬಳೇ. ಅವಳೋ ಬಾಗಿಲ ಬಳಿ ಬಿಸಿಲಿಗೆ ಸ್ಟೂಲು ಹಾಕಿಕೊಂಡು ನೋಟ್‌ಬುಕ್ ಬರೆಯುತ್ತಿದ್ದಳು. ಅಟ್-ಬಾಶಿಯ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ಕಾರಿಗೆ ಎಣ್ಣೆ ಯಾವಾಗ ಹಾಕಿಸಿದ್ದು, ಫಿಲ್ಟರ್ ಯಾವಾಗ ಬದಲಿಸಿದ್ದು ಎಲ್ಲ ಅದರಲ್ಲಿ ಗೆರೆ ಹೊಡೆದು ಬರೆದಿತ್ತು. ಸಗಿನಾಲಿಯ ಮಗಳು ಐಜಾರ್ಕಿನ್ ಹೋದ ವರ್ಷ ಇವಳ ಸೊಸೆಯಾದಳು. ಈಗ ಏಳು ತಿಂಗಳ ಬಸುರಿ. ನಾಳೆ ಅವಳನ್ನು ಇದೇ ಕಾರಿನಲ್ಲಿ ಡೊಲೊನ್ ಘಾಟಿ ದಾಟಿಸಿ ಬಿಷ್ಕೆಕ್ಕಿಗೆ, ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಅದಕ್ಕೇ ಉಮ್ಸುನಾಯ್ ಇಂದು ಬೆಳಿಗ್ಗೆ ನರಿನ್‌ಗೆ, ಬೀಗರ ಗ್ಯಾರೇಜಿಗೇ ಬಂದಿದ್ದಳು. ಎಂಜಿನ್ ಆಯಿಲ್ ಆಯಿತು, ಫಿಲ್ಟರ್ ಆಯಿತು, ಬ್ರೇಕಿನ ಎಣ್ಣೆಯೂ ಆಯಿತು. ಕೊನೆಗೆ, ಮೀಟರಿನ ದೀಪ ಹೋಗಿದೆ, ಅದನ್ನೂ ಒಂಚೂರು ನೋಡಿಬಿಡಿ ಅಂದಿದ್ದಳು.

ಎರಡು ವರ್ಷದ ಹಿಂದಿನವರೆಗೂ ಸಗಿನಾಲಿ ಭಾನುವಾರದ ಕಾರು ಸಂತೆಯ ವ್ಯಾಪಾರಿಗಳಿಗೆ, ಓಡಿದ ಕಿಲೋಮೀಟರು ಕಡಿಮೆ ಕಾಣುವಂತೆ, ಮೀಟರ್ ಹಿಂದಕ್ಕೆ ತಿರುಗಿಸಿಕೊಡುತ್ತಿದ್ದ. ಸಣ್ಣ ಸೂಜಿಯೊಂದಿದ್ದರೆ ಅರ್ಧ ಗಂಟೆಯ ಕೆಲಸ. ಅದನ್ನು ಊರಲ್ಲಿ ಯಾರೂ ಮೋಸ ಎನ್ನುತ್ತಿರಲಿಲ್ಲ. ಮಾರುವ ಮುಂಚೆ ಕಾರು ತೊಳೆಯುವುದಿಲ್ಲವೇ, ಹಾಗೆ ಇದೂ ಒಂದು. ಆದರೂ ಅವನ ಮನಸ್ಸು ಪೂರ್ತಿ ಒಪ್ಪುತ್ತಿರಲಿಲ್ಲವೋ ಏನೋ, ತಿರುಗಿಸುವ ಮುಂಚೆ ನಿಜವಾದ ಸಂಖ್ಯೆಯನ್ನು ಡಬ್ಬಿಯ ಬೆನ್ನಿಗೆ ಬರೆದುಬಿಡುತ್ತಿದ್ದ. ನಾಳೆ ಮೇಲಿನವನು ಕೇಳಿದರೆ ತೋರಿಸಲಿಕ್ಕಾದರೂ ಇರಲಿ ಅಂತ. ಮೇಲಿನವನು ಬೀಗಿತ್ತಿಯನ್ನು ಕಳಿಸಿಯಾನು ಎಂದು ಯಾರಿಗೆ ಗೊತ್ತಿತ್ತು?

ದೀಪ ಹಾಕಿ ಡಬ್ಬಿಯನ್ನು ಜಾಗಕ್ಕೆ ಕೂರಿಸಿದ. ಮುಂಭಾಗದಲ್ಲಿ 1,68,000 ಅಂತ ಬೆಳಗಿತು. ಅವಳು ಕೊಂಡಾಗ, ಅವನು ತಿರುಗಿಸಿಟ್ಟ ಹಾಗೆ, 1,40,000 ಇದ್ದದ್ದು. ಎಣ್ಣೆ, ಫಿಲ್ಟರಿನದು ಚಿಂತೆಯಿಲ್ಲ. ಟೈಮಿಂಗ್ ಬೆಲ್ಟಿನ ಗತಿ ಏನು? ಅದನ್ನು ಯಾವ ಕಾಲದಲ್ಲಿ ಹಾಕಿದ್ದೋ. ಏರಿನಲ್ಲಿ ಅದು ಕಡಿದರೆ ಎಂಜಿನ್ ಒಳಗಿನಿಂದಲೇ ಪುಡಿಪುಡಿ. ಬ್ರೇಕೂ ಕಲ್ಲಾಗುತ್ತದೆ, ಸ್ಟೇರಿಂಗೂ ಕಲ್ಲಾಗುತ್ತದೆ. ಕಾರಿನಲ್ಲಿ ಕೂತಿರುವವಳು ಮಗಳು.

ಬೆಲ್ಟನ್ನೂ ಈಗಲೇ ಬದಲಿಸಿಬಿಡೋಣ ಬೀಗಿತ್ತಮ್ಮ, ಎಂದ, ಆದಷ್ಟು ಹಗುರವಾಗಿ.

ಉಮ್ಸುನಾಯ್ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದಳು. ಬೆಲ್ಟು ತೊಂಬತ್ತು ಸಾವಿರ ಕಿಲೋಮೀಟರಿಗೊಂದು. ಹಾಗಾದರೆ ಮುಂದಿನದು ಒಂದು ಲಕ್ಷ ಎಂಬತ್ತು ಸಾವಿರಕ್ಕೆ. ಇನ್ನೂ ಹನ್ನೆರಡು ಸಾವಿರ ಓಡುತ್ತದೆ ಎಂದಳು. ದುಡ್ಡು ಬೇಡ, ನನ್ನದೇ ಬೆಲ್ಟು ಹಾಕುತ್ತೇನೆ ಅಂದ. ಅವಳು ಕನ್ನಡಕದ ಮೇಲಿನಿಂದ ನೋಡಿ ನಕ್ಕಳು.

"ಅದೇ ಬೇಡ ಅನ್ನೋದು. ಹೋದ ಸಲ ನೀವು ಬ್ಯಾಟರಿ ಕೊಟ್ರಿ, ನಾನು ಕುರಿ ಹೊಡ್ಕೊಂಡು ಬಂದೆ. ಈಗ ಬೆಲ್ಟ್ ಕೊಟ್ರೆ ಕುದುರೆ ತರ್ಬೇಕಾಗುತ್ತೆ. ನನ್ನ ಹತ್ರ ಇರೋದು ಒಂದೇ ಕುದುರೆ ಬೀಗ್ರೇ."

ಇನ್ನೇನು ಮಾಡುವುದು? ಎಂಜಿನ್ನಿನ ಮೇಲಿನ ಹೊದಿಕೆ ಬಿಚ್ಚಿ ಬೆಲ್ಟನ್ನೇ ತೋರಿಸಿದ. ಹಾಳಾದ್ದು, ಒಂದು ಬಿರುಕಾದರೂ ಇರಬಾರದೇ? ಕರ್ರಗೆ, ನೆಟ್ಟಗೆ, ನಿನ್ನೆ ಹಾಕಿದ ಹಾಗೆ ಇತ್ತು. ಇಂಥ ಬೆಲ್ಟು ನೋಡಲು ಗಟ್ಟಿಯಾಗೇ ಇದ್ದು ಮರುದಿನ ಕಡಿದದ್ದನ್ನು ಅವನು ಎಷ್ಟು ಸಲ ಕಂಡಿದ್ದ. ಅವಳು ಬಗ್ಗಿ, ಬೆರಳಿನಿಂದ ಒತ್ತಿ, ಚೆನ್ನಾಗೇ ಇದೆಯಲ್ಲ, ಮುಚ್ಚಿ ಅಂದಳು. ಕತ್ತಲಾಗುವುದರೊಳಗೆ ಮನೆ ಸೇರಬೇಕು, ಸೊಸೆ ಒಬ್ಬಳೇ ಇದ್ದಾಳೆ ಅಂತಲೂ ಅಂದಳು.

ಸಗಿನಾಲಿ ಹೊದಿಕೆ ಕೈಗೆತ್ತಿಕೊಂಡ. ಹೇಳಿದರೆ ಬೀಗರ ಮುಂದೆ ಮಾನ ಹೋಯಿತು. ತನ್ನದು ಹೋದರೆ ಹೋಗಲಿ, ಆ ಮನೆಯಲ್ಲಿ ಬದುಕಬೇಕಾದ ಮಗಳದ್ದು? ಮೋಸಗಾರನ ಮಗಳು ಅಂತ ಯಾರೂ ಬಾಯಿಬಿಟ್ಟು ಅನ್ನಲಿಕ್ಕಿಲ್ಲ. ಚಹಾದ ಬಟ್ಟಲು ಕೊಡುವಾಗ ಅತ್ತೆ ಮುಖ ತಿರುಗಿಸಿದರೂ ಸಾಕು. ಹೇಳದಿದ್ದರೆ? ಒಂದು ಬೋಲ್ಟು ಕೈಯಿಂದ ಜಾರಿ ಕೆಳಗೆ ಬಿತ್ತು. ಅದನ್ನು ಹುಡುಕಲೂ ಇಲ್ಲ. ಹೋಗಿ ಮೀಟರ್ ಡಬ್ಬಿಯನ್ನು ಮತ್ತೆ ಬಿಚ್ಚಿ ತಂದು, ಬೆನ್ನು ಮೇಲೆ ಮಾಡಿ ಅವಳ ಕೈಗೆ ಕೊಟ್ಟ.

"ಇದು ನಾನೇ ಬರ್ದಿದ್ದು," ಅಂದ. "ತಿರುಗಿಸಿದ್ದೂ ನಾನೇ. ನೀವು ಕೊಳ್ಳೋಕೆ ಮುಂಚೆ. ಯಾರಿಗೆ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ."

ಉಮ್ಸುನಾಯ್ ಆ ಸಂಖ್ಯೆಯನ್ನು ಓದಿದಳು. ಅಭ್ಯಾಸಬಲದಿಂದ ಇರಬೇಕು, ನೋಟ್‌ಬುಕ್ಕಿನ ಅಂಚಿನಲ್ಲಿ, ತಾನು ಓಡಿಸಿದ ಇಪ್ಪತ್ತೆಂಟು ಸಾವಿರವನ್ನು ಅದಕ್ಕೆ ಕೂಡಿ ಲೆಕ್ಕ ಹಾಕಿದಳು. ಮೂರು ಲಕ್ಷ ನಲವತ್ತೊಂಬತ್ತು ಸಾವಿರ. ಆಮೇಲೆ ಮೊದಲ ಪುಟದಿಂದ ಒಂದೊಂದೇ ಹಾಳೆ ತಿರುವುತ್ತ ಬಂದಳು. ಸಗಿನಾಲಿಗೆ ನಾಚಿಕೆಯಾಗಿ ಮೈಯೆಲ್ಲ ಬಿಸಿಯಾಯಿತು. ಬೈದುಬಿಡಬಾರದೇ ಎನ್ನಿಸಿತು.

"ಬದಲಾಯ್ಸಿ," ಎಂದಳು ಕೊನೆಗೆ. "ಅವಳಿಗೆ ನಾನು ಹೇಳಲ್ಲ. ಹೇಳಿದ್ರೆ ನನ್ನ ಮನೇಲಿ ತಲೆ ಎತ್ತಿ ಓಡಾಡಲ್ಲ ಆ ಹುಡುಗಿ."

ಮೂರು ಗಂಟೆ ತಲೆಯೆತ್ತದೆ ಕೆಲಸ ಮಾಡಿದ. ಬೆಲ್ಟು, ಅದನ್ನು ಬಿಗಿ ಹಿಡಿಯುವ ಗಾಲಿ, ನೀರಿನ ಪಂಪು ಎಲ್ಲ ಹೊಸದು. ಬ್ರೇಕಿನ ರಬ್ಬರ್ ಕೊಳವೆಗಳನ್ನೂ ಬದಲಿಸಿದ. ಅವಳು ಬೇಡ ಅನ್ನಲಿಲ್ಲ, ಕುದುರೆಯ ಮಾತನ್ನೂ ಆಡಲಿಲ್ಲ. ಕೆಲಸ ಮುಗಿದಾಗ ಎಂಜಿನ್ ಒಂದೇ ಸಮನೆ ಮೆಲ್ಲಗೆ ಗುರುಗುಟ್ಟಿತು. ಮಗಳ ಮಟ್ಟಿಗೆ ಇನ್ನು ಭಯವಿಲ್ಲ ಎಂದು ಅವನು ಆ ದಿನ ಮೊದಲ ಸಲ ಸರಿಯಾಗಿ ಉಸಿರುಬಿಟ್ಟ.

ಉಮ್ಸುನಾಯ್ ಕಾರು ಹತ್ತಿ, ಸೀಟ್ ಬೆಲ್ಟು ಬಿಗಿದುಕೊಂಡು, ಗಾಜು ಇಳಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳುವಂತೆ ಕೇಳಿದಳು.

"ಇಂಥವು ಎಷ್ಟು ತಿರುಗಿಸಿದ್ರಿ ಬೀಗ್ರೇ?"

ಅವನು ಲೆಕ್ಕ ಹಾಕಲು ನೋಡಿದ. ಮೂವತ್ತೋ, ನಲವತ್ತೋ. ಹೆಚ್ಚೂ ಇದ್ದೀತು. ಗೊತ್ತಿಲ್ಲ ಎಂದ. ಅವಳು ತಲೆಯಾಡಿಸಿ, ಬರ್ತೀನಿ ಎಂದು ಹೇಳಿ, ಅಟ್-ಬಾಶಿಯ ಕಡೆ ಹೊರಟುಹೋದಳು.

ಸಗಿನಾಲಿ ಗೇಟಿನ ಬಳಿಯೇ ನಿಂತ. ಎದುರಿನ ರಸ್ತೆ ನೇರ ಡೊಲೊನ್‌ಗೆ ಹೋಗುವುದು. ಶುಕ್ರವಾರದ ಮಧ್ಯಾಹ್ನ, ಒಂದರ ಹಿಂದೊಂದು ಕಾರು ಏರಿನ ಕಡೆ ಹೊರಟಿದ್ದವು. ಒಂದರ ತಲೆಮೇಲೆ ಕಂಬಳಿಯ ಸುರುಳಿ, ಇನ್ನೊಂದರ ಹಿಂದಿನ ಗಾಜಿಗೆ ಮೂಗೊತ್ತಿದ ಮಕ್ಕಳು. ಹದಿನೈದು ವರ್ಷ ದಿನಾ ನೋಡಿದ ರಸ್ತೆ. ಇವತ್ತು ಪ್ರತಿ ಕಾರನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಟ್ಯಾಕ್ಸಿಯ ಮುಕಾಶ್ ಬಂದ. ಬಿಳಿ ಕಾರು, ಎಡಗಡೆ ನೀಲಿ ಬಾಗಿಲು. ಆ ಬಾಗಿಲನ್ನು ಸಗಿನಾಲಿ ಚೆನ್ನಾಗಿ ಬಲ್ಲ; ಆ ಕಾರಿನ ಮೀಟರೂ ಅವನ ಕೈಯಲ್ಲೇ ತಿರುಗಿದ್ದು. ಒಳಗೆ ಜನ ಕಿಕ್ಕಿರಿದಿದ್ದರು. ಸಗಿನಾಲಿ ರಸ್ತೆಗಿಳಿದು, ನಿಲ್ಲಿಸು ಎಂದು ಎರಡೂ ಕೈ ಮೇಲೆತ್ತಿದ.

ಮುಕಾಶ್ ಹಲ್ಲು ಬಿಟ್ಟು, ತಾನೂ ಕೈಯೆತ್ತಿ, ಎರಡು ಸಲ ಹಾರ್ನ್ ಹೊಡೆದು, ಪಕ್ಕಕ್ಕೆ ತಿರುಗಿಸಿಕೊಂಡು ಘಾಟಿಯ ಕಡೆ ಹೋದ.